ಗಿರಣಿ ದೀಪದ ಕೆಂಪು ಎಳೆ

ಮೊದಲ ದಿನ: ಲೈಪ್‌ಜಿಗ್

ಬೇರೆ ದೇಶಕ್ಕೆ ಹೋದವರು ಮೊಟ್ಟಮೊದಲು ಏನು ನೋಡುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಯಜಮಾನರು ಕಂಬ ನೋಡಿದರು. ಜರ್ಮನಿಯ ಈ ಊರಿನ ವಿಮಾನ ನಿಲ್ದಾಣದ ಹೊರಗೆ, ಎರಡು ವರ್ಷದಿಂದ ಕಣ್ಣಿಗೆ ಬೀಳದ ಮಗಳು ಎದುರಿಗೇ ಕೈ ಬೀಸುತ್ತ ನಿಂತಿದ್ದಾಳೆ. ಇವರು ಕತ್ತು ಮೇಲೆತ್ತಿ, "ಈ ಕಂಬಕ್ಕ ವೈರ್ ಎಲ್ಲಿಂದ ಬಂದೈತಿ?" ಎಂದು ಕೇಳಿದರು. ಸುಧಾ ಬೀಸುತ್ತಿದ್ದ ಕೈ ಕೆಳಗಿಳಿಸಿ, ಇಲ್ಲಿ ವೈರು ನೆಲದೊಳಗೆ ಇರುತ್ತದೆ ಎಂದು ಅಪ್ಪನಿಗೆ ವಿವರಿಸಿ, ಅದಾದ ಮೇಲೆ ನನ್ನನ್ನು ತಬ್ಬಿಕೊಂಡಳು.

ಇದಕ್ಕೆ ಬೇಜಾರು ಮಾಡಿಕೊಳ್ಳುವ ವಯಸ್ಸು ನಮ್ಮಿಬ್ಬರದೂ ದಾಟಿದೆ. ನಮ್ಮವರು ಲೈನ್‌ಮನ್ ಆಗಿದ್ದವರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತ ಊರೂರು ತಿರುಗಿ, ಕೊನೆಗೆ ಗದಗಿಗೆ ಬಂದು ನಿವೃತ್ತರಾದರು. ಯಾವ ಊರಿನ ಮಾತು ತೆಗೆದರೂ ಅವರಿಗೆ ಜನ ನೆನಪಾಗುವುದಿಲ್ಲ, ಕಂಬ ನೆನಪಾಗುತ್ತದೆ. ಹಮ್ಮಿಗಿ ಅಂದರೆ ನಮಗೆಲ್ಲ ಹೊಳೆ. ಇವರಿಗೆ ಹೊಳೆಯ ದಾರಿಯಲ್ಲಿ ಗಾಳಿಗೆ ವಾಲಿದ್ದ ಮೂರನೆಯ ಕಂಬ. ಬೀದಿಗಳಿಗೆಲ್ಲ ಎಲ್ಇಡಿ ಬಂದ ಮೇಲೆ ಕಿತ್ತು ಬಿಸಾಡಿದ ಹಳೆಯ ಬಲ್ಬು, ಚಿಪ್ಪಿನಂಥ ತಗಡಿನ ಟೋಪಿಗಳನ್ನು ಮನೆಗೆ ತಂದು ಟ್ರಂಕು ತುಂಬಿಸಿಕೊಂಡಿದ್ದಾರೆ. ನಾನು ಆ ಟ್ರಂಕಿಗೆ ಸವತಿ ಎಂದು ಹೆಸರಿಟ್ಟಿದ್ದೇನೆ. ಮನೆಯಲ್ಲಿ ಅದಕ್ಕಿರುವ ಮರ್ಯಾದೆ ಹಾಗಿದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಇವರಿಗೆ ಒಂದು ಪೆಟ್ಟು ಬಿದ್ದಿತ್ತು. ಅಂಗಿಯ ಜೇಬಿನಲ್ಲಿದ್ದ ಟೆಸ್ಟರನ್ನು ತಪಾಸಣೆಯವರು ತೆಗೆದಿಟ್ಟುಕೊಂಡರು. ನೌಕರಿಗೆ ಸೇರಿದ ವರ್ಷದಿಂದ ಜೇಬಿನಲ್ಲಿದ್ದ ಟೆಸ್ಟರ್ ಅದು. "ಇದರಾಗ ಜೀವಾ ಉಳಿಸೀನ್ರಿ ನಾ" ಎಂದು ಹೇಳಿ ನೋಡಿದರು. ಆ ಹುಡುಗಿ ನಕ್ಕು, ಅಂಕಲ್ ಮುಂದೆ ಹೋಗಿ ಎಂದಳು. ಮುಂದೆ ಹದಿಮೂರು ತಾಸು ಇವರು ನನ್ನ ಜೊತೆ ಮಾತಾಡಲಿಲ್ಲ, ಟೆಸ್ಟರ್ ಕಸಿದುಕೊಂಡವಳು ನಾನೇ ಏನೋ ಎನ್ನುವಂತೆ.

ಮೂರನೆಯ ದಿನ: ಮಗಳ ಮನೆ

ಸುಧಾ ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮನೆ ಚೆನ್ನಾಗಿದೆ, ಬೆಚ್ಚಗಿದೆ. ಆದರೆ ಕತ್ತಲು. ಈ ದೇಶದಲ್ಲಿ ಬಾಡಿಗೆ ಮನೆ ಬಿಡುವವರು ಛಾವಣಿಯ ದೀಪಗಳನ್ನೂ ಬಿಚ್ಚಿಕೊಂಡು ಹೋಗುತ್ತಾರಂತೆ! ಹೊಸದಾಗಿ ಬಂದವರಿಗೆ ಸಿಗುವುದು ಛಾವಣಿಯಿಂದ ಇಣುಕುವ ಎರಡು ವೈರಿನ ತುದಿ ಅಷ್ಟೆ. ಮಗಳು ಅವನ್ನು ಹಾಗೇ ಬಿಟ್ಟು, ಮೂಲೆಮೂಲೆಗೆ ಒಂದೊಂದು ಸಣ್ಣ ದೀಪ ಇಟ್ಟುಕೊಂಡಿದ್ದಳು. ಇವರು ಆ ತುದಿಗಳನ್ನು ನೋಡಿ ಎದೆ ಹಿಡಿದುಕೊಂಡರು. ಮಲಗುವ ಕೋಣೆಯಲ್ಲಿ ಮಂಚವನ್ನು ವೈರಿನ ಕೆಳಗಿನಿಂದ ಗೋಡೆಯ ಕಡೆಗೆ ಸರಿಸುವವರೆಗೂ ಮಲಗಲಿಲ್ಲ.

ನನ್ನ ಕಷ್ಟ ಬೇರೆ. ಸಂಜೆ ದೀಪ ಹಾಕಿದ ಕೂಡಲೇ ಕೈ ಮುಗಿಯುವುದು ನಮ್ಮಲ್ಲಿ ರೂಢಿ, ಅದು ಎಣ್ಣೆಯದಿರಲಿ ಕರೆಂಟಿನದಿರಲಿ. ಇಲ್ಲಿ ಆರು ಮೂಲೆಗೆ ಆರು ದೀಪ. ಯಾವುದಕ್ಕೆ ಮುಗಿಯುವುದು? ಮೊದಲ ಸಂಜೆ ಆರಕ್ಕೂ ಮುಗಿದು ಸುಸ್ತಾದೆ. ಎರಡನೆಯ ಸಂಜೆ ನಡುಮನೆಯಲ್ಲಿ ನಿಂತು ಎಲ್ಲಕ್ಕೂ ಸೇರಿಸಿ ಒಂದೇ ಸಲ ಮುಗಿದೆ.

ಇಲ್ಲಿನ ಜನ ವಾಹನವೇ ಇಲ್ಲದ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುತ್ತಾರೆ. ಮಳೆ ಬರುತ್ತಿದ್ದರೂ ನಿಲ್ಲುತ್ತಾರೆ. ಬೆಟಗೇರಿ ಬಸ್ ಸ್ಟ್ಯಾಂಡಿನ ಮುಂದೆ ಹೀಗೆ ನಿಂತರೆ ಯಾರಾದರೂ ಬಂದು, ಮೈಯಾಗ ಆರಾಮ ಐತಿಲ್ಲೋ ಎಂದು ವಿಚಾರಿಸಿಯಾರು. ಇವರಿಗೆ ಮಾತ್ರ ಇದು ಬಹಳ ಹಿಡಿಸಿತು. ಒಂದು ದೀಪದ ಮಾತಿಗೆ ಇಷ್ಟು ಜನ ಬೆಲೆ ಕೊಡುವ ಊರನ್ನು ಜನ್ಮದಲ್ಲಿ ಮೊದಲ ಸಲ ನೋಡಿದೆ ಎಂದರು.

ಐದನೆಯ ದಿನ: ಹತ್ತಿಯ ಗಿರಣಿ

ನಾವು ಬಂದಿದ್ದೇ ಈ ದಿನಕ್ಕಾಗಿ. ರೈಲಿನಲ್ಲಿ ಒಂದು ತಾಸು ಹೋದರೆ ಮುಲ್ಡೆ ನದಿಯ ದಂಡೆಯಲ್ಲಿ ಒಂದು ಚಿಕ್ಕ ಊರು. ಅಲ್ಲಿ ಎಂದೋ ಮುಚ್ಚಿದ ಒಂದು ನೂಲಿನ ಗಿರಣಿಯನ್ನು ಹಳೆಯ ವಿದ್ಯುತ್ ದೀಪಗಳ ಸಂಗ್ರಹಾಲಯ ಮಾಡಿದ್ದಾರೆ. ಮಗಳಿಗೆ ಇದರ ಸುದ್ದಿ ಸಿಕ್ಕಿದ್ದು ಹನ್ನಾ ಎಂಬುವವರಿಂದ. ಎಂಬತ್ತರ ಹತ್ತಿರದ ಈ ಹೆಂಗಸು ಮೊಣಕಾಲಿನ ಆಪರೇಶನ್ನಿಗೆ ಬಂದು ಸುಧಾಳ ವಾರ್ಡಿನಲ್ಲಿದ್ದರಂತೆ. ಹದಿನಾರನೆಯ ವಯಸ್ಸಿಗೆ ಇದೇ ಗಿರಣಿಯಲ್ಲಿ ನೂಲು ಸುತ್ತಲು ಸೇರಿದವರು. ಗಿರಣಿ ಮುಚ್ಚಿದ ಮೇಲೆ, ಬಂದ ಜನರಿಗೆ ಅದೇ ಕಟ್ಟಡ ತೋರಿಸುತ್ತ ಸಂಬಳವಿಲ್ಲದೆ ಉಳಿದುಕೊಂಡವರು. ವಾರಕ್ಕೊಂದು ದಿನ ಒಂದೊಂದೇ ದೀಪ ಹೊತ್ತಿಸಿ ಪರೀಕ್ಷಿಸುವ ಕೆಲಸವೂ ಅವರದೇ. ಅದಕ್ಕೆಂದು ಅವರ ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ದೊಡ್ಡ ಬೀಗದ ಕೈ. ಬಾಗಿಲಲ್ಲಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದ ರೀತಿಗೆ, ನಾನು ಅವರನ್ನು ಹನ್ನಕ್ಕ ಮಾಡಿಕೊಂಡೆ.

ಒಳಗೆ ಹೋದ ಮೇಲೆ ನಮ್ಮವರನ್ನು ಹಿಡಿಯುವವರು ಯಾರು! ಲಕ್ಕುಂಡಿಯ ಗುಡಿಗಳಲ್ಲಿ ಕಂಬಗಳ ನಡುವೆ ಹಾಯುವಂತೆ ಇಲ್ಲಿ ಬೀದಿದೀಪಗಳ ನಡುವೆ ಹಾಯಬೇಕು. ಕತ್ತು ಬಾಗಿದ ಕಬ್ಬಿಣದ ಕಂಬಗಳು, ಹೂಬಳ್ಳಿ ಎರಕ ಹೊಯ್ದ ಕಂಬಗಳು, ಎರಡು ಕರಿ ಕಡ್ಡಿಗಳ ನಡುವೆ ಕಿಡಿ ಹಾರಿಸಿ ಉರಿಯುತ್ತಿದ್ದ ಹಂಡೆಯಷ್ಟು ದಪ್ಪದ ಆರ್ಕ್ ದೀಪಗಳು. ಆ ಕಡ್ಡಿಗಳು ಸವೆಯುತ್ತಿದ್ದವಂತೆ, ಬದಲಿಸಲು ಆಳು ಮತ್ತೆ ಮತ್ತೆ ಬರಬೇಕಿತ್ತಂತೆ. "ಅಂದ್ರ ಅವ್ರಿಗೂ ನನ್ನಂಗ ಆರಾಮ ಇರಲಿಲ್ಲ" ಎಂದು ಇವರು ಸಮಾಧಾನಪಟ್ಟರು. ಗಾಜಿನ ಪೆಟ್ಟಿಗೆಗಳಲ್ಲಿ ಬಲ್ಬುಗಳು: ತುದಿಯಲ್ಲಿ ಮೊಲೆತೊಟ್ಟಿನಂಥ ಚೂಪು ಇರುವವು, ಒಳಗಿನ ತಂತಿ ಜಿಲೇಬಿಯಂತೆ ಸುತ್ತಿಕೊಂಡವು. ಒಂದು ಕಡೆ ಎಡಕ್ಕೆ ತಿರುಗಿಸಿ ಹಾಕುವ ಬಲ್ಬುಗಳಿದ್ದವು. ಜನ ರೈಲಿನಿಂದ ಬಲ್ಬು ಕದಿಯುತ್ತಿದ್ದರಂತೆ. ಕದ್ದರೂ ಮನೆಯ ಹೋಲ್ಡರಿಗೆ ಕೂಡಬಾರದು ಎಂದು ಹೀಗೆ ಉಲ್ಟಾ ಮಾಡಿದ್ದು. ಜರ್ಮನಿಯಲ್ಲೂ ಬಲ್ಬು ಕದಿಯುತ್ತಿದ್ದರು ಎಂದು ತಿಳಿದು ಇವರಿಗೆ ಆದ ಸಂತೋಷ ಹೇಳತೀರದು. ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅಲ್ಲಿಯ ಪ್ರತಿ ಅಕ್ಷರವನ್ನೂ ಓದಿಸತೊಡಗಿದರು.

ಹನ್ನಕ್ಕ ನನ್ನ ತೋಳು ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದರು. ಕೆಲಸಗಾರರ ತಲೆಯ ಮೇಲೆ ತೂಗುತ್ತಿದ್ದ ಗಿರಣಿಯದೇ ದೀಪಗಳು ಅಲ್ಲಿದ್ದವು. ಬಾವಿಯ ಗಾಲಿಯ ಮೇಲೆ ಹಗ್ಗ ಎಳೆದಂತೆ ವೈರು ಎಳೆದು ಎತ್ತರ ತಗ್ಗು ಮಾಡುವಂಥವು. ಹೀಗೇ ಉಳಿದದ್ದು ಎರಡೋ ಮೂರೋ ಅಂತೆ. ಒಂದರ ಕೆಳಗೆ ನಿಂತು ತಮ್ಮ ಎದೆಯನ್ನು ತಟ್ಟಿ ತೋರಿಸಿದರು, ನಾನು ಇದರ ಕೆಳಗೇ ಕೆಲಸ ಮಾಡಿದೆ ಅಂತ. ನಾನೂ ನನ್ನ ಎದೆ ತಟ್ಟಿಕೊಂಡು, ಬರಿಗೈಯಲ್ಲೇ ಮಗ್ಗದ ಲಾಳಿ ಎಸೆದಂತೆ ಮಾಡಿ ತೋರಿಸಿದೆ. ನಾನು ಕೊನೆಗೆ ಹೊಲಿಗೆ ಟೀಚರಾದವಳು ನಿಜ, ಆದರೆ ಹುಟ್ಟಿದ್ದು ಬೆಟಗೇರಿಯ ನೇಕಾರರ ಮನೆಯಲ್ಲಿ. ಮದುವೆಯಾಗುವವರೆಗೆ ಅಪ್ಪನ ಪಕ್ಕದ ಮಗ್ಗ ನನ್ನದೇ. ಹನ್ನಕ್ಕನಿಗೆ ಅರ್ಥವಾಯಿತು. ಇಬ್ಬರೂ ನಕ್ಕೆವು.

ಆಗ ನೋಡಿದೆ. ಆ ದೀಪದ ವೈರಿಗೆ ಮೇಲೆ ಹತ್ತಿಯ ನೂಲಿನ ಹೆಣಿಗೆ ಇತ್ತು, ಕಂದು ಮತ್ತು ಕೆನೆ ಬಣ್ಣದ್ದು. ಪ್ಲಾಸ್ಟಿಕ್ ಬರುವ ಮುಂಚೆ ವೈರಿಗೆ ಹೀಗೆ ಬಟ್ಟೆಯೇ ಹೊದಿಕೆ. ಒಂದು ಕಡೆ ಮೂರು ಎಳೆ ಹರಿದು ಕೂದಲಿನಂತೆ ಹೊರಗೆ ಬಂದಿದ್ದವು. ದೀಪಕ್ಕೆ ಕರೆಂಟು ಕೊಟ್ಟಿರಲಿಲ್ಲ, ಅಷ್ಟನ್ನು ಲೈನ್‌ಮನ್ನನ ಹೆಂಡತಿಯಾಗಿ ನೋಡಿಕೊಂಡೆ. ಮುಂದಿನದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನ ಬೆರಳು ಮಾಡಿತು ಎನ್ನಬೇಕು. ನಮ್ಮ ಮನೆಯಲ್ಲಿ ಹರಿದ ಎಳೆ ಕಂಡೂ ದಾಟಿ ಹೋದವರಿಗೆ ಊಟವಿರಲಿಲ್ಲ. ಹಗ್ಗದ ಬೇಲಿಯ ಮೇಲಿಂದ ಬಾಗಿ, ಎಳೆಯ ತುದಿಗಳನ್ನು ಬಿಡಿಸಿ, ಒಂದರ ಮೇಲೊಂದು ಇಟ್ಟು, ಬೆರಳಿಗೆ ಎಂಜಲು ಹಚ್ಚಿ ಹೊಸೆದೆ. ಎಂಜಲು ಮುಸುರೆ ನಮ್ಮಲ್ಲಿ ಬಲು ಕಟ್ಟುನಿಟ್ಟು, ಆದರೆ ನೂಲಿಗೆ ಮಾತ್ರ ವಿನಾಯಿತಿ. ವೈರು ಜೋಲಾಡುತ್ತಿತ್ತು. ನೋಡಿದರೆ ಹನ್ನಕ್ಕ ಅದನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಾರೆ. ಅವರ ಬೆರಳುಗಳು ಸಂದುಸಂದಿಗೆ ಊದಿದ್ದವು. ಮೂರೂ ಎಳೆ ಹೆಣಿಗೆಯೊಳಗೆ ಸೇರಿ ಮಾಯವಾದವು. ಹನ್ನಕ್ಕ ನನ್ನ ಬೆನ್ನು ಚಪ್ಪರಿಸಿದರು.

ಆರನೆಯ ದಿನ: ಒಂದು ಫೋನು

ಮರುದಿನ ಸುಧಾ ಡ್ಯೂಟಿಯಿಂದ ಬಂದವಳು ಚಪ್ಪಲಿ ಕೂಡ ಬಿಡಲಿಲ್ಲ.

"ಅವ್ವ, ನೀ ಅಲ್ಲೆ ಏನ್ ಮಾಡಿ ಬಂದಿ?"

"ಎಳಿ ಹರದಿತ್ತು. ಕೂಡಿಸಿದೆ."

"ಎಂಜಲ ಹಚ್ಚಿದೇನು?"

"ಎಂಜಲ ಹಚ್ಚದ ಎಳಿ ಕೂಡತೈತೇನು?"

ಸುಧಾ ಹಣೆಗೆ ಕೈ ಹಚ್ಚಿ ಕುಳಿತಳು. ಸಂಗ್ರಹಾಲಯದಲ್ಲಿ ದಿನಚರಿಯ ಪುಸ್ತಕವೊಂದು ಇದೆಯಂತೆ. ಅಂದು ಏನಾಯಿತೋ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ನಾವು ಹೊರಟ ಮೇಲೆ ಹನ್ನಕ್ಕ ಯಾರೂ ಕೇಳದಿದ್ದರೂ ತಾವೇ ಕುಳಿತು ಬರೆದಿದ್ದಾರೆ: ಭಾರತದಿಂದ ಬಂದ ಒಬ್ಬ ಹೆಂಗಸು ದೀಪದ ಹೊದಿಕೆ ರಿಪೇರಿ ಮಾಡಿದರು, ನಾನು ವೈರು ಹಿಡಿದುಕೊಂಡಿದ್ದೆ. ಅದನ್ನು ಓದಿದ ಮುಖ್ಯಸ್ಥೆ ಅವರಿಂದ ಬೀಗದ ಕೈ ತಿರುಗಿ ಪಡೆದಿದ್ದಾರೆ. ದೀಪವನ್ನು ಉಗ್ರಾಣಕ್ಕೆ ಹಾಕುವುದೋ, ಹೊದಿಕೆಯನ್ನೇ ಬದಲಿಸುವುದೋ, ಹನ್ನಕ್ಕನನ್ನು ಇನ್ನು ಕೆಲಸಕ್ಕೆ ಬಿಡುವುದೋ ಬೇಡವೋ, ಯಾವುದೂ ತೀರ್ಮಾನವಾಗಿಲ್ಲ. ಹನ್ನಕ್ಕ ಸುಧಾಳಿಗೆ ಫೋನು ಮಾಡಿದ್ದು ದೂರು ಹೇಳಲು ಅಲ್ಲ. ಕೂಡಿಸಿದ್ದು ಎರಡು ಎಳೆಯೋ ಮೂರೋ, ಸಂಗ್ರಹಾಲಯದವರಿಗೆ ಸರಿಯಾಗಿ ಬರೆದುಕೊಡಬೇಕು ಎಂದು ಕೇಳಲು.

ನನಗೆ ಮೊದಲು ಸಿಟ್ಟು ಬಂತು. ಹರಿದದ್ದನ್ನು ಕೂಡಿಸಿದರೆ ಶಿಕ್ಷೆಯೇ? ಆಮೇಲೆ ಆ ಊದಿದ ಬೆರಳುಗಳು ನೆನಪಾದವು. ಅರವತ್ತು ವರ್ಷ ಹೋಗಿಬಂದ ಬಾಗಿಲು. ಟಿಕೆಟ್ ತೆಗೆಸಿ ಒಳಗೆ ಹೋಗುವ ಗತಿಗೆ ನಾನು ಅವರನ್ನು ತಂದು ನಿಲ್ಲಿಸಿದ್ದೆ. ನಾನೇ ಹೋಗಿ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದೆ. ಸುಧಾ ಪತ್ರ ಬರೆದಳು. ಶನಿವಾರ ಬನ್ನಿ ಎಂದು ಉತ್ತರ ಬಂತು. ಭಾನುವಾರ ನಮ್ಮ ವಿಮಾನ.

ಒಂಬತ್ತನೆಯ ದಿನ: ಮತ್ತೆ ಗಿರಣಿ

ಮುಖ್ಯಸ್ಥೆಯ ಹೆಸರು ಕಾತ್ರಿನ್. ನಲವತ್ತರ ಆಸುಪಾಸು, ಮೃದು ಮಾತು. ರಾಕ್ಷಸಿಯನ್ನು ಎದುರಿಸಲು ಸಜ್ಜಾಗಿ ಹೋಗಿದ್ದ ನನಗೆ ಅವರು ಚಹಾ ಕೊಟ್ಟಾಗ ನಿರಾಸೆಯೇ ಆಯಿತು. ಮೇಜಿನ ಮೇಲೆ ದೀಪ ಮಲಗಿತ್ತು. ಹನ್ನಕ್ಕ ದೂರದ ಕುರ್ಚಿಯಲ್ಲಿ ಕೈ ಕಟ್ಟಿ ಕುಳಿತಿದ್ದರು. ಕೊರಳಲ್ಲಿ ದಾರವಿರಲಿಲ್ಲ.

ಕಾತ್ರಿನ್ ಹೇಳಿದ್ದನ್ನು ಸುಧಾ ನಮಗೆ ಹೇಳಿದಳು. ರಿಪೇರಿ ಮಾಡಿದ್ದು ದೊಡ್ಡ ತಪ್ಪಲ್ಲ. ರಿಪೇರಿ ಕಾಣದಂತೆ ಮಾಡಿದ್ದು ತಪ್ಪು. ಐವತ್ತು ವರ್ಷದ ಮೇಲೆ ಈ ವೈರನ್ನು ನೋಡುವವರಿಗೆ ಗಿರಣಿಯವರು ಮಾಡಿದ್ದು ಯಾವುದು, ನೀವು ಮಾಡಿದ್ದು ಯಾವುದು ಎಂದು ತಿಳಿಯಬೇಕು. ಅದಕ್ಕೆ ಆ ಜೋಡಣೆಯನ್ನು ಬಿಚ್ಚಿ, ಬೇರೆ ಬಣ್ಣದ ನೂಲು ಹಾಕಿ, ಕಾಣುವಂತೆ ಕೂಡಿಸಬೇಕು. ಹಾಗೆ ಮಾಡಿ ಹಾಳೆಯಲ್ಲಿ ಬರೆದುಕೊಟ್ಟರೆ ಇದು ನಮ್ಮ ದಾಖಲೆಯಾಗುತ್ತದೆ, ಹನ್ನಾ ಅವರ ಮೇಲಿನ ಮಾತೂ ಮುಗಿಯುತ್ತದೆ.

ಕಾಣುವಂತೆ! ನನ್ನ ಅಪ್ಪ ಸೀರೆ ಮುಗಿದ ಮೇಲೆ ಮುಖ ಆಚೆ ತಿರುಗಿಸಿ, ಬಟ್ಟೆಯ ಅಡಿಗೆ ಅಂಗೈ ಇಟ್ಟು ಸೆರಗಿನಿಂದ ಕೊನೆಯವರೆಗೆ ಸವರುತ್ತಿದ್ದ. ಬೆರಳಿಗೆ ಒಂದು ಗಂಟು ತಾಗಿದರೆ, "ಇಲ್ಲೆ ಯಾರೋ ಕುಂತಾರ" ಎನ್ನುತ್ತಿದ್ದ. ಬೈಗುಳವಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅಂದು ನನಗೆ ಎಲ್ಲರ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಕಾಣುವ ಗಂಟು ಹಾಕು ಎಂದು ನನ್ನ ಜೀವನದಲ್ಲಿ ಯಾರೂ ಹೇಳಿರಲಿಲ್ಲ. ನನ್ನಿಂದ ಆಗುವುದಿಲ್ಲ ಎಂದು ಸುಧಾಳಿಗೆ ಹೇಳಿಬಿಟ್ಟೆ.

ನಮ್ಮವರು ಅಲ್ಲಿಯತನಕ ಮೂಲೆಯಲ್ಲಿ ನಿಂತು ಛಾವಣಿಯ ದೀಪ ನೋಡುತ್ತಿದ್ದರು. ನನ್ನ ಕಡೆ ತಿರುಗಿದರು.

"ಅಲ್ಲ, ಅವ್ರು ಹೇಳೂದರಾಗ ತಪ್ಪೇನೈತಿ? ಲೈನ್ ಮ್ಯಾಲ ಜಾಯಿಂಟ್ ಹಾಕಿದ್ರ ನಾವು ಮುಚ್ಚಿಡ್ತೀವೇನು? ಎದ್ದ ಕಾಣಬೇಕದು. ನಾಳೆ ಇನ್ನೊಬ್ಬಾಂವ ಕಂಬ ಹತ್ತತಾನ. ಜಾಯಿಂಟ್ ಎಲ್ಲೈತಿ ಅಂತ ಗೊತ್ತಾಗಲಿಲ್ಲಂದ್ರ ಅವನ ಜೀವಾನ ಹೊಕ್ಕೈತಿ."

"ನಿಮ್ಮದು ವೈರ್, ನಮ್ಮದು ಸೀರಿ. ಸೀರಿ ಉಟ್ಟಾಕಿ ಜೀವ ಏನ್ ಹೋಗೂದಿಲ್ಲ ಬಿಡ್ರಿ."

"ಈಗ ಹನ್ನಕ್ಕಂದು ಹೋಗಾಕತ್ತೈತಲ್ಲ" ಎಂದರು.

ಮೇಜಿನ ಹತ್ತಿರ ಹೋದೆ.

ಆದರೆ ಬಿಚ್ಚಬೇಕಾದರೆ ಜೋಡಣೆ ಸಿಗಬೇಕಲ್ಲ? ನಾನು ಕನ್ನಡಕ ಏರಿಸಿ ಹುಡುಕಿದೆ. ಸಿಗಲಿಲ್ಲ. ಕಾತ್ರಿನ್ ದಪ್ಪ ಗಾಜಿನ ಭೂತಗನ್ನಡಿ ಹಿಡಿದು ಆ ತುದಿಯಿಂದ ಈ ತುದಿಗೆ ಎರಡು ಸಲ ನೋಡಿದರು. ಸಿಗಲಿಲ್ಲ. ಒಳಗೊಳಗೇ ನನಗೆ ಸ್ವಲ್ಪ ಹೆಮ್ಮೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಹೆಮ್ಮೆಯಿಂದ ಏನು ಉಪಯೋಗ? ಅರ್ಧ ತಾಸು ಕಳೆಯಿತು. ಹನ್ನಕ್ಕ ಕುರ್ಚಿಯಿಂದ ಎದ್ದು ಬಂದು ಏನೋ ಕೇಳಿದರು. ಕಾತ್ರಿನ್ ಬಿಳಿಯ ಕೈಗವಸು ಕೊಟ್ಟರು. ಹನ್ನಕ್ಕ ಅವನ್ನು ತೊಟ್ಟು ವೈರನ್ನು ಮುಟ್ಟಿ, ತಲೆಯಾಡಿಸಿ, ಬಿಚ್ಚಿ ಮೇಜಿನ ಮೇಲಿಟ್ಟರು. ಮತ್ತೆ ಏನೋ ಕೇಳಿದರು.

"ಬರಿಗೈಲೆ ಮುಟ್ಟಲೇನು ಅಂತ ಕೇಳಾಕತ್ತಾರ" ಎಂದು ಸುಧಾ ಪಿಸುಗುಟ್ಟಿದಳು.

ಕಾತ್ರಿನ್ ಹೂಂ ಎಂದರು. ಹನ್ನಕ್ಕ ಕೈ ತೊಳೆದು ಒರೆಸಿಕೊಂಡು ಬಂದು, ಕಣ್ಣು ಮುಚ್ಚಿ, ಆ ಊದಿದ ಬೆರಳುಗಳ ನಡುವೆ ವೈರನ್ನು ನಿಧಾನವಾಗಿ ಜಾರಿಸುತ್ತ ಹೋದರು. ಒಂದು ಕಡೆ ನಿಂತರು. ಸ್ವಲ್ಪ ಮುಂದೆ ಮತ್ತೊಂದು ಕಡೆ. ಅದರ ಪಕ್ಕದಲ್ಲೇ ಇನ್ನೊಂದು ಕಡೆ. ಮೂರು. ಎಲ್ಲಿ ನಿಂತರೋ ಅಲ್ಲಿಯೇ ಇದ್ದವು ನನ್ನ ಎಳೆಗಳು. ಕಾತ್ರಿನ್ ಭೂತಗನ್ನಡಿಯನ್ನು ಕೆಳಗಿಟ್ಟು ಹನ್ನಕ್ಕನ ಮುಖವನ್ನೇ ನೋಡುತ್ತಿದ್ದರು.

ಬಿಚ್ಚುವಾಗ ನನಗೆ ಅಳು ಬಂತು, ಅದನ್ನೇನೂ ಮುಚ್ಚಿಡುವುದಿಲ್ಲ. ಕಾತ್ರಿನ್ ಕೊಟ್ಟದ್ದು ಕೆಂಪು ನೂಲು, ಕುಂಕುಮದಷ್ಟು ಕೆಂಪು. ಎಂಜಲಿನ ಬದಲು ಒಂದು ಬಟ್ಟಲಿನಲ್ಲಿ ಶುದ್ಧ ನೀರು, ಅದಕ್ಕೊಂದು ಸಣ್ಣ ಕುಂಚ. ಮೂರು ಕಡೆ ಕೆಂಪು ಎಳೆ ಸೇರಿಸಿ ಹೊಸೆದೆ. ಆಮೇಲೆ ಒಂದು ಹಾಳೆ ಬಂತು. ಕೆಲಸ ಮಾಡಿದವರ ಹೆಸರು, ಊರು, ಈ ಕೆಲಸ ಯಾರಿಂದ ಕಲಿತಿರಿ ಎಂದು ಅದರಲ್ಲಿ ಕೇಳಿದ್ದರು. ಅಪ್ಪ ಲೆಕ್ಕವಿಲ್ಲದಷ್ಟು ಸೀರೆ ನೇಯ್ದ. ಎಲ್ಲೆಲ್ಲೋ ಹೋದವು. ಅವನು ನೇಯ್ದದ್ದು ಎನ್ನುವುದಕ್ಕೆ ಒಂದರ ಮೇಲೂ ಗುರುತಿಲ್ಲ, ಅವನ ಕೆಲಸ ಅಷ್ಟು ಚೆನ್ನಾಗಿತ್ತು. ಊರಿನ ಜಾಗದಲ್ಲಿ ಬೆಟಗೇರಿ ಎಂದು ಬರೆದೆ. ಕೊನೆಯ ಸಾಲಿನಲ್ಲಿ ಅಪ್ಪನ ಹೆಸರನ್ನು ಕನ್ನಡದಲ್ಲೇ ಬರೆದೆ. ಸುಧಾ ಅದರ ಕೆಳಗೆ ಅವರ ಲಿಪಿಯಲ್ಲಿ ಬರೆದಳು.

ಕಾತ್ರಿನ್ ಹಾಳೆಯನ್ನು ಓದಿ, ಮಡಚದೆ ಕಡತದಲ್ಲಿಟ್ಟು, ಮೇಜಿನ ಖಾನೆಯಿಂದ ಬೀಗದ ಕೈ ತೆಗೆದು ಹನ್ನಕ್ಕನ ಕೊರಳಿಗೆ ತಾವೇ ಹಾಕಿದರು. ನಮ್ಮವರು ಮುಂದೆ ಬಂದು, ಹೊತ್ತಿಸಿ ನೋಡಬೇಕಲ್ಲ ಎಂದು ಮಗಳಿಗೆ ಸೂಚಿಸಿದರು. ಕೆಲಸ ಮುಗಿದ ಮೇಲೆ ಹೊತ್ತಿಸಿ ನೋಡದೆ ಕಂಬ ಇಳಿದವರಲ್ಲ ಇವರು. ಹಳೆಯ ದೀಪ, ಎರಡು ನಿಮಿಷಕ್ಕಿಂತ ಹೆಚ್ಚು ಉರಿಸುವಂತಿಲ್ಲ ಎಂದು ಕಾತ್ರಿನ್ ಎಚ್ಚರಿಸಿ, ವೈರಿನ ತುದಿಗಳನ್ನೆಲ್ಲ ಪರೀಕ್ಷಿಸಿ, ದೀಪವನ್ನು ಅದರ ಗಾಲಿಗೆ ತೂಗುಹಾಕಿದರು. ಹನ್ನಕ್ಕ ಗೋಡೆಯ ಪೆಟ್ಟಿಗೆಯ ಬೀಗ ತೆಗೆದು ಗುಂಡಿ ತಿರುಗಿಸಿದರು.

ಬೆಳಕು ನಿಧಾನವಾಗಿ ಏರಿತು, ಹಳದಿ ಬೆಳಕು. ಅದರಲ್ಲಿ ಎಲ್ಲಕ್ಕಿಂತ ಮೊದಲು ಕಂಡದ್ದು ನನ್ನ ಆ ಮೂರು ಕೆಂಪು ಗುರುತು. ಇಡೀ ಕೋಣೆಯಲ್ಲಿ ಬೇರೇನೂ ಇಲ್ಲವೇನೋ ಎನ್ನುವಂತೆ ಕಾಣುತ್ತಿದ್ದವು. ನನಗೆ ತಡೆಯಲಾಗಲಿಲ್ಲ. ಅವನ್ನು ಮುಚ್ಚಲು ಕೈ ತಾನಾಗಿ ಮೇಲೆ ಹೋಯಿತು.

ಹನ್ನಕ್ಕ ಪಕ್ಕಕ್ಕೆ ಬಂದು ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದರು. ಎರಡು ನಿಮಿಷ ಮುಗಿದು ದೀಪ ಆರಿಸಲು ಹೋಗುವವರೆಗೂ ಬಿಡಲಿಲ್ಲ.